ಮೊದಲ ಕಾರು: ಹೊಸ ಸಣ್ಣದು ತೆಗೆದುಕೊಳ್ಳಲಾ, 6 ವರ್ಷ ಹಳೆಯದಾ?

ಹುಡುಕಾಟ

ಎಲ್ಲರಿಗೂ ನಮಸ್ಕಾರ. ಮನೆಗೆ ಮೊದಲ ಕಾರು ತರಬೇಕು ಅಂತ ಮೂರು ತಿಂಗಳಿಂದ ಓಡಾಡುತ್ತಿದ್ದೇನೆ. ನಾವು ನಾಲ್ಕು ಜನ: ನಾನು, ಹೆಂಡತಿ, 5 ವರ್ಷದ ಮಗಳು, ಮಂಡಿನೋವಿರುವ ಅಪ್ಪ. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 30 ಕಿ.ಮೀ. ತಿಂಗಳಿಗೊಂದು ಸಲ ದೂರದ ಪ್ರಯಾಣ. ಎಲ್ಲ ಸೇರಿ ವರ್ಷಕ್ಕೆ ಹೆಚ್ಚುಕಡಿಮೆ 10,000 ಕಿ.ಮೀ.

ಈಗ ಎರಡು ದಾರಿ ಇವೆ. ಒಂದು, ಹೊಸ ಸಣ್ಣ ಹ್ಯಾಚ್‌ಬ್ಯಾಕ್, 1 ಲೀಟರ್ ಎಂಜಿನ್, ತೀರಾ ಕೆಳಗಿನ ವೇರಿಯಂಟ್. ಇನ್ನೊಂದು, ಅಷ್ಟೇ ದುಡ್ಡಿಗೆ 6 ವರ್ಷ ಹಳೆಯ, ಒಂದು ಮೆಟ್ಟಿಲು ದೊಡ್ಡ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರ್, ಒಬ್ಬರೇ ಮಾಲೀಕರು. ಮೀಟರ್ ಬರೀ 38,000 ಕಿ.ಮೀ. ತೋರಿಸುತ್ತಿದೆ. ನೋಡಲು ಕನ್ನಡಿ ಥರ ಹೊಳೆಯುತ್ತಿದೆ. ಮಾರುವವರು ಮಾತ್ರ "ಇನ್ನಿಬ್ಬರು ಕೇಳಿದ್ದಾರೆ, ಈ ವಾರವೇ ಹೇಳಿ" ಅನ್ನುತ್ತಿದ್ದಾರೆ.

ನನಗೆ ಕಾರಿನ ಬಗ್ಗೆ ಅಷ್ಟು ಗೊತ್ತಿಲ್ಲ. ಇಷ್ಟು ಕಡಿಮೆ ಓಡಿದ ಕಾರು ಬಿಟ್ಟರೆ ಮತ್ತೆ ಸಿಗುವುದಿಲ್ಲ ಅನ್ನಿಸುತ್ತಿದೆ. ಏನು ನೋಡಬೇಕು, ಹೇಗೆ ನೋಡಬೇಕು, ಹೇಳಿ.

ಗ್ರೀಸ್‌ಕೈ

ಮೊದಲು ಒಂದು ಮಾತು. "ಈ ವಾರವೇ ಹೇಳಿ" ಅನ್ನುವ ಒತ್ತಡಕ್ಕೆ ಬಗ್ಗಬೇಡಿ. ಈ ಅಳತೆಯ ಕಾರು ಬೇಕಾದಷ್ಟಿವೆ. ಇದು ಹೋದರೆ ಇನ್ನೊಂದು ಬರುತ್ತದೆ.

ನಾನು 20 ವರ್ಷದಿಂದ ಗ್ಯಾರೇಜ್ ಕೆಲಸದಲ್ಲಿದ್ದೇನೆ. ಹಳೇ ಕಾರು ನೋಡಲು ಹೋದರೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ತಣ್ಣಗಿರಬೇಕು. ನಾವು ಬರುವುದು ಗೊತ್ತಿದ್ದೂ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ಯಾಕೆ ಅಂತ ಕೇಳುತ್ತೇನೆ. ಸ್ಟಾರ್ಟ್ ಆಗಲು ಒದ್ದಾಡುವುದು, ಮೊದಲ ಕೆಲವು ಸೆಕೆಂಡ್ ಟೈಮಿಂಗ್ ಚೈನ್ (ಪಿಸ್ಟನ್‌ಗೆ ಹೊಂದಿಕೊಂಡು ವಾಲ್ವ್‌ಗಳನ್ನು ಓಡಿಸುವ ಸರಪಳಿ) ಕಟಕಟ ಅನ್ನುವುದು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುವುದು, ಇವೆಲ್ಲ ತಣ್ಣನೆಯ ಎಂಜಿನ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತವೆ. ಸ್ವಲ್ಪ ಬಿಳಿ ಆವಿ ಬಂದರೆ ಹೆದರಬೇಡಿ, ಬಿಸಿಯಾದ ಮೇಲೆ ನಿಲ್ಲಬೇಕು ಅಷ್ಟೇ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಅಂದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ.

ಆಮೇಲೆ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ತೆಳು ಆಯಿಲ್ ಇದ್ದರೆ ಸರಿ. ಹಳದಿ ಮಿಶ್ರಿತ ಬಿಳಿ ಕೆನೆ ಮೆತ್ತಿಕೊಂಡಿದ್ದರೆ ನೀರು ಸೇರಿದೆ ಅಂತ ಅರ್ಥ. ಇಲ್ಲಿ ಗಡಿಬಿಡಿ ಮಾಡಬಾರದು. ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಹೋಗಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಆಯಿಲ್‌ಗೆ ಸೇರಿದರೂ ಕೆನೆ ಬರುತ್ತದೆ. ದಿನಾ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿನಲ್ಲೂ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ, ಮುಚ್ಚಳದ ಕೆಳಗೆ ಕೂರುತ್ತದೆ. ಯಾವುದು ಅಂತ ತಿಳಿಯಲು ಕೂಲೆಂಟ್ ಟ್ಯಾಂಕ್ ನೋಡಿ. ಮಟ್ಟ ಇಳಿದಿದ್ದರೆ, ಮೇಲೆ ಆಯಿಲ್ ಪದರ ತೇಲುತ್ತಿದ್ದರೆ, ಎಂಜಿನ್ ಓಡುವಾಗ ಗುಳ್ಳೆ ಬರುತ್ತಲೇ ಇದ್ದರೆ ಆ ಕಾರು ಬಿಡಿ. ಬಿಸಿ ಇರುವಾಗ ಮಾತ್ರ ಕೂಲೆಂಟ್ ಮುಚ್ಚಳ ತೆಗೆಯಬೇಡಿ, ಮುಖ ಸುಡುತ್ತದೆ.

ಓಡಿಸುವಾಗ ರೇಡಿಯೋ, ಎಸಿ ಆಫ್ ಮಾಡಿ, ಕಿವಿ ಕೊಡಿ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯಿರಿ. ಟಕ್ ಟಕ್ ಟಕ್ ಅಂದರೆ ಡ್ರೈವ್‌ಶಾಫ್ಟ್ ಜಾಯಿಂಟ್ ಸವೆದಿದೆ. ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಹಿಡಿದಾಗ ಮಾತ್ರ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ನೋಡಿಸಿ. ವೇಗ ಏರಿದಾಗ ನಡುಗಿದರೆ ಬಹಳ ಸಲ ವೀಲ್ ಬ್ಯಾಲೆನ್ಸಿಂಗ್‌ನಲ್ಲಿ ಮುಗಿಯುತ್ತದೆ.

ಹೊಸದೇ ಸರಿ

ನಾನು ಬೇರೆ ಮಾತು ಹೇಳುತ್ತೇನೆ. ಹೊಸದು ತೆಗೆದುಕೊಳ್ಳಿ. ನನ್ನ ಹಿಂದಿನ ಕಾರು 5 ವರ್ಷ ಹಳೆಯ ಆಟೊಮ್ಯಾಟಿಕ್, ಸಿವಿಟಿ ಅನ್ನುವ, ಗೇರ್ ಮೆಟ್ಟಿಲುಗಳೇ ಇಲ್ಲದ ಗೇರ್‌ಬಾಕ್ಸ್. ಮಾರಿದವರು "ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಅಗತ್ಯವೇ ಇಲ್ಲ" ಅಂದಿದ್ದರು. ನಂಬಿದೆ. ಎಂಟು ತಿಂಗಳಿಗೆ ಗುಂಯ್ ಅನ್ನಲು ಶುರುವಾಯಿತು, ಆಮೇಲೆ ಜಗ್ಗಲು ಶುರುವಾಯಿತು. ರಿಪೇರಿ ಖರ್ಚು ಕಾರಿನ ಬೆಲೆಯ ಮೂರನೇ ಒಂದು ಭಾಗ. ಹೊಸ ಕಾರಿನ ಹಿಂದಿನ ಕಥೆ ನಿಮಗೆ ಪೂರ್ತಿ ಗೊತ್ತಿರುತ್ತದೆ, ವಾರಂಟಿ ಇರುತ್ತದೆ. ಆ ನೆಮ್ಮದಿಗೂ ಬೆಲೆ ಇದೆ ಅಲ್ವಾ?

ಗ್ರೀಸ್‌ಕೈ

ನಿಮಗಾದದ್ದು ಕೇಳಿ ಬೇಜಾರಾಯಿತು. ಸಿವಿಟಿಯ ಒಳಗೆ ಉಕ್ಕಿನ ಬೆಲ್ಟ್ ಅಥವಾ ಚೈನ್ ಎರಡು ಪುಲ್ಲಿಗಳ ನಡುವೆ ಹಿಡಿತದ ಮೇಲೇ ಓಡುತ್ತದೆ. ಆ ಹಿಡಿತ ಉಳಿಯಬೇಕಾದರೆ ಅದಕ್ಕೆಂದೇ ಇರುವ ಆಯಿಲ್ ಒಳ್ಳೆಯ ಸ್ಥಿತಿಯಲ್ಲಿರಬೇಕು. "ಜೀವನಪೂರ್ತಿ ಆಯಿಲ್" ಅನ್ನುವ ಮಾತನ್ನು ನಾನು ಯಾವ ಗೇರ್‌ಬಾಕ್ಸ್‌ಗೂ ಒಪ್ಪುವುದಿಲ್ಲ. ಆಯಿಲ್ ಬದಲಿಸಿದ ಬಿಲ್ ಇಲ್ಲದ ಹಳೇ ಆಟೊಮ್ಯಾಟಿಕ್ ಅನ್ನು ನನ್ನ ಮನೆಯವರಿಗೆ ಕೊಡಿಸುವುದಿಲ್ಲ.

ಮಳೆದಾರಿ

ಸುರಕ್ಷತೆ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ಹೊಸ ಕಾರಿನ ಕೆಳಗಿನ ವೇರಿಯಂಟ್‌ನಲ್ಲಿ ಇಎಸ್‌ಸಿ, ಅಂದರೆ ಕಾರು ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ, ಇದೆಯಾ ಕೇಳಿ. ಏರ್‌ಬ್ಯಾಗ್ ಎಷ್ಟು, ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆಯಾ, ನಡುವಿನ ಸೀಟಿಗೂ ಮೂರು ಕಡೆ ಹಿಡಿಯುವ ಬೆಲ್ಟ್ ಇದೆಯಾ ನೋಡಿ.

ಸಣ್ಣ ಕಾರಿಗೆ ಇಎಸ್‌ಸಿ ಯಾಕೆ ಬೇಕು ಅನ್ನುವವರಿಗೆ 1997ರ ಮಾತು ನೆನಪಿಸುತ್ತೇನೆ. ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸ್ ಸ್ವೀಡನ್‌ನಲ್ಲಿ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಮಗುಚಿಬಿತ್ತು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಲು ಥಟ್ಟನೆ ಸ್ಟಿಯರಿಂಗ್ ತಿರುಗಿಸಿದಂಥ ಪರೀಕ್ಷೆ ಅದು. ಕಂಪನಿ ಆ ಕಾರಿನ ಸಸ್ಪೆನ್ಷನ್ ತಿದ್ದಿ, ಎಲ್ಲ ಎ-ಕ್ಲಾಸ್‌ಗೂ ಇಎಸ್‌ಸಿ ಹಾಕಿತು. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ.

ಸ್ಟಾರ್ ರೇಟಿಂಗ್ ನೋಡುವಾಗ ವರ್ಷವನ್ನೂ ನೋಡಿ. ಪರೀಕ್ಷೆ ಕಾಲಕಾಲಕ್ಕೆ ಕಠಿಣವಾಗುತ್ತಾ ಬಂದಿದೆ. 2010ರ ಐದು ಸ್ಟಾರ್ ಈಗಿನ ಐದು ಸ್ಟಾರ್‌ಗೆ ಸಮ ಅಲ್ಲ.

ಟೈರ್ ವಿಷಯ ನನ್ನ ಅನುಭವದಿಂದ ಹೇಳುತ್ತೇನೆ. ಹಳೇ ಕಾರು ತೆಗೆದುಕೊಂಡಾಗ ಟೈರ್ ಮೈಮೇಲಿನ ಗೀರುಗಳು ಇನ್ನೂ ಆಳ ಇದ್ದವು, ಖುಷಿಪಟ್ಟೆ. ಮೊದಲ ಮಳೆಯಲ್ಲಿ ತಿರುವಿನಲ್ಲಿ ಕಾರು ಹಿಂದಿನಿಂದ ಜಾರಿ ಅಡ್ಡ ನಿಂತಿತು. ಎದುರಿಗೆ ಯಾರೂ ಬರದ್ದರಿಂದ ಉಳಿದೆವು. ಆಮೇಲೆ ನೋಡಿದರೆ ಟೈರ್‌ಗೆ 9 ವರ್ಷ ಆಗಿತ್ತು. ರಬ್ಬರ್ ಉಗುರಿನಿಂದ ಒತ್ತಿದರೆ ಹಲಗೆ ಥರ ಗಟ್ಟಿ. ಟೈರ್ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಈ ಅಂಕಿ ಟೈರ್‌ನ ಒಂದೇ ಬದಿಯಲ್ಲಿ ಇರಬಹುದು, ಒಳಬದಿಯಲ್ಲಿದ್ದರೆ ಬಗ್ಗಿ ನೋಡಬೇಕಾಗುತ್ತದೆ. ಬಗ್ಗಿ ನೋಡಿ.

ಲೆಕ್ಕದವಳು

ಮೈಲೇಜ್ ಲೆಕ್ಕ ನಾನು ಹಾಕುತ್ತೇನೆ. ಹೊಸದು ನಿಜವಾದ ರಸ್ತೆಯಲ್ಲಿ ಲೀಟರ್‌ಗೆ 21 ಕೊಡುತ್ತದೆ, ಹಳೆಯದು 18 ಕೊಡುತ್ತದೆ ಅಂತ ಇಟ್ಟುಕೊಳ್ಳಿ. 10,000 ಕಿ.ಮೀ.ಗೆ ಹೊಸದು 476 ಲೀಟರ್ ಕುಡಿಯುತ್ತದೆ, ಹಳೆಯದು 556. ವರ್ಷಕ್ಕೆ 80 ಲೀಟರ್ ವ್ಯತ್ಯಾಸ. ನಿಮ್ಮ ಕಡೆಯ ಪೆಟ್ರೋಲ್ ದರದಿಂದ ಗುಣಿಸಿ ನೋಡಿ. ಹೊಸ ಕಾರು ಮೊದಲ ಎರಡು ಮೂರು ವರ್ಷದಲ್ಲಿ ಕಳೆದುಕೊಳ್ಳುವ ಬೆಲೆಯ ಮುಂದೆ ಅದು ಸಣ್ಣದು. ಜನ ಒಂದೆರಡು ಕಿ.ಮೀ. ಮೈಲೇಜ್‌ಗೆ ಇಡೀ ದಿನ ತಲೆ ಕೆಡಿಸಿಕೊಳ್ಳುತ್ತಾರೆ, ಕಾರು ಮಾರುವಾಗ ಎಷ್ಟು ಸಿಗುತ್ತದೆ ಅಂತ ಕೇಳುವುದೇ ಇಲ್ಲ.

ಇನ್ನೊಂದು ವಿಷಯ. ಲೀಟರ್‌ಗೆ 10 ಕೊಡುವ ಕಾರು ಬಿಟ್ಟು 12.5 ಕೊಡುವುದು ತಂದರೆ 100 ಕಿ.ಮೀ.ಗೆ 2 ಲೀಟರ್ ಉಳಿಯುತ್ತದೆ. 20 ಬಿಟ್ಟು 25ಕ್ಕೆ ಹೋದರೆ ಉಳಿಯುವುದು 1 ಲೀಟರ್ ಮಾತ್ರ. ಮೊದಲೇ ಕಡಿಮೆ ಕುಡಿಯುವ ಸಣ್ಣ ಕಾರುಗಳ ನಡುವೆ ಮೈಲೇಜ್ ಹೋಲಿಸುವುದರಿಂದ ಸಿಗುವ ಲಾಭ ಕಮ್ಮಿ.

ಹುಡುಕಾಟ ಅವರೇ, ಆ 38,000ದ ಕಾರಿನಲ್ಲಿ ಟ್ರಿಪ್ ಮೀಟರ್ (ಸೊನ್ನೆ ಮಾಡಿದ ಮೇಲೆ ಓಡಿದ ದೂರ ತೋರಿಸುವ ಮೀಟರ್) ಇದ್ದರೆ ಸರಾಸರಿ ವೇಗ ಎಷ್ಟು ತೋರಿಸುತ್ತದೆ ನೋಡಿ ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಿಂದಿನ ಸೀಟು

ಅಪ್ಪನನ್ನು ಕರೆದುಕೊಂಡು ಹೋಗಿ. ಎಂಜಿನ್ ಆಮೇಲೆ. ನನ್ನ ಅಮ್ಮನಿಗೂ ಮಂಡಿನೋವು. ಸೀಟು ತೀರಾ ಕೆಳಗಿದ್ದರೆ ಇಳಿಯುವಾಗ ಪೂರ್ತಿ ಭಾರ ಮಂಡಿಗೆ ಬೀಳುತ್ತದೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕೂತ ಮೇಲೆ ಪಾದ ಒಳಗೆ ಎಳೆದುಕೊಳ್ಳುವಾಗ ಬಾಗಿಲ ಕಂಬಕ್ಕೆ ತಾಗುತ್ತದಾ, ಹಿಡಿದುಕೊಳ್ಳಲು ಮೇಲೆ ಹಿಡಿ ಇದೆಯಾ, ಇದೆಲ್ಲ ಅವರೇ ಕೂತು ನೋಡಬೇಕು. ಐದು ನಿಮಿಷ ಸುಮ್ನೆ ಕೂರಿಸಿ, ಎರಡು ಮೂರು ಸಲ ಇಳಿಸಿ ಹತ್ತಿಸಿ.

ಹಳೇರಸ್ತೆ

ಈ ಜಾಗದ ಮಾತಿಗೆ ಒಂದು ಸೇರಿಸುತ್ತೇನೆ. 1959ರಲ್ಲಿ ಬಂದ ಮಿನಿ ಕಾರಿನಲ್ಲಿ ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟರು. ಹಾಗಾಗಿ ಸುಮಾರು 3 ಮೀಟರ್ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂರಲು ಜಾಗ ಸಿಕ್ಕಿತು. ಇವತ್ತಿನ ಹೆಚ್ಚಿನ ಸಣ್ಣ ಕಾರುಗಳು ಅದೇ ದಾರಿಯಲ್ಲಿವೆ. ಆದರೆ ಓಡಿಸುವ, ತಿರುಗಿಸುವ, ಬ್ರೇಕ್‌ನ ಹೆಚ್ಚಿನ ಹೊರೆ ಹೊರುವ ಕೆಲಸ ಎಲ್ಲ ಮುಂದಿನ ಎರಡು ಟೈರ್ ಮೇಲೇ ಬೀಳುತ್ತದೆ. ಮುಂದಿನವು ಬೇಗ ಸವೆಯುತ್ತವೆ. ಎರಡೇ ಹೊಸ ಟೈರ್ ಹಾಕಿಸುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿನವನ್ನು ಮುಂದಕ್ಕೆ ತನ್ನಿ. ಮಳೆದಾರಿ ಅವರಿಗೆ ಆದಂತೆ ಹಿಂದಿನಿಂದ ಜಾರಿದ ಕಾರನ್ನು ಹಿಡಿಯುವುದು ಕಷ್ಟ.

ಹುಡುಕಾಟ

ಇವತ್ತು ಎರಡನೇ ಸಲ ಹೋಗಿ ಬಂದೆ. ಗೆಳೆಯನೊಬ್ಬನ ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸಾಧನ, ಕೂಡ ತೆಗೆದುಕೊಂಡು ಹೋಗಿದ್ದೆ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಬಾನೆಟ್ ಬೆಚ್ಚಗಿತ್ತು. "ಈಗ ತಾನೇ ತೊಳೆಸಿಕೊಂಡು ಬಂದೆ" ಅಂದರು. ಆಯಿಲ್ ಮುಚ್ಚಳದ ಒಳಗೆ ಗ್ರೀಸ್‌ಕೈ ಅವರು ಹೇಳಿದ ಕೆನೆ, ಉಗುರಿನಷ್ಟು ದಪ್ಪ. ಕೂಲೆಂಟ್ ಮಟ್ಟ ಮಾತ್ರ ಸರಿ ಇತ್ತು, ಗುಳ್ಳೆ ಇರಲಿಲ್ಲ.

ಮುಂದಿನ ಸೀಟ್ ಬೆಲ್ಟ್ ಪೂರ್ತಿ ಎಳೆದು ಬುಡದಲ್ಲಿರುವ ಲೇಬಲ್ ನೋಡಿದೆ. ಎರಡೂ ಬೆಲ್ಟ್ ಕಾರು ತಯಾರಾಗಿ 3 ವರ್ಷ ಆದ ಮೇಲಿನವು. ಹಿಂದಿನ ಬೆಲ್ಟ್‌ಗಳು ಕಾರಿನ ವರ್ಷದವೇ. ಒಂದು ಹೆಡ್‌ಲೈಟ್ ಮಂಕು ಹಳದಿ, ಇನ್ನೊಂದು ಹೊಸದರ ಥರ ಸ್ವಚ್ಛ. ಮುಂದಿನ ಮಡ್‌ಗಾರ್ಡ್ ಹಿಡಿದಿರುವ ಬೋಲ್ಟ್‌ಗಳ ತಲೆಯಲ್ಲಿ ಬಣ್ಣ ಎದ್ದು ಸ್ಪ್ಯಾನರ್ ಗುರುತು ಇದೆ.

ಕೀ ಆನ್ ಮಾಡಿದಾಗ ಎಲ್ಲ ಎಚ್ಚರಿಕೆ ದೀಪ ಹೊತ್ತಿದವು, ಏರ್‌ಬ್ಯಾಗ್ ದೀಪ ಮಾತ್ರ ಹೊತ್ತಲೇ ಇಲ್ಲ. "ದೀಪ ಇಲ್ಲ ಅಂದರೆ ತೊಂದರೆ ಇಲ್ಲ ಅಂತ" ಅಂದರು. ಸ್ಕ್ಯಾನರ್‌ನಲ್ಲಿ ಎಂಜಿನ್ ದೋಷ ಒಂದೂ ಇಲ್ಲ. ಆದರೆ "ರೆಡಿನೆಸ್" ಅನ್ನುವ ಪುಟದಲ್ಲಿ ನಾಲ್ಕು "ಪೂರ್ತಿಯಾಗಿಲ್ಲ" ಅಂತ ಬಂತು.

ಅಪಘಾತ ಆಗಿತ್ತಾ ಅಂತ ಕೇಳಿದೆ. ಇಲ್ಲ ಅಂದರು.

ಟ್ರಿಪ್ ಮೀಟರ್: 6,200 ಕಿ.ಮೀ., ಸರಾಸರಿ ವೇಗ ಗಂಟೆಗೆ 17 ಕಿ.ಮೀ.

ಗ್ರೀಸ್‌ಕೈ

ಬಿಟ್ಟುಬಿಡಿ. ಹೊರಗೆ ಥಳುಕು, ಒಳಗೆ ಹುಳುಕು.

ಯಾಕೆ ಅಂತ ಹೇಳುತ್ತೇನೆ. ಏರ್‌ಬ್ಯಾಗ್ ದೀಪ ಕೀ ಆನ್ ಮಾಡಿದ ತಕ್ಷಣ ಹೊತ್ತಿ, ಕೆಲವು ಸೆಕೆಂಡ್‌ನಲ್ಲಿ ಆರಬೇಕು. ಅದು ವ್ಯವಸ್ಥೆ ತನ್ನನ್ನು ತಾನು ಪರೀಕ್ಷಿಸಿಕೊಂಡ ಗುರುತು. ಹೊತ್ತಲೇ ಇಲ್ಲ ಅಂದರೆ ದೀಪ ಕೆಟ್ಟಿದೆ, ಇಲ್ಲವೇ ಯಾರೋ ಅದನ್ನು ಮುಚ್ಚಿಟ್ಟಿದ್ದಾರೆ. ಮುಂದಿನ ಎರಡೂ ಬೆಲ್ಟ್ ಬದಲಾಗಿವೆ. ಇವತ್ತಿನ ಬೆಲ್ಟ್‌ಗಳಲ್ಲಿ ಪ್ರಿಟೆನ್ಷನರ್ ಅಂತ ಇರುತ್ತದೆ. ಡಿಕ್ಕಿಯಾದ ಕ್ಷಣದಲ್ಲಿ ಸಣ್ಣ ಸಿಡಿಮದ್ದು ಸಿಡಿದು ಬೆಲ್ಟನ್ನು ಬಿಗಿ ಎಳೆಯುತ್ತದೆ. ಒಂದು ಸಲ ಸಿಡಿದರೆ ಮುಗಿಯಿತು, ಹೊಸದು ಹಾಕಲೇಬೇಕು. ಬೆಲ್ಟ್ ಬದಲಾಗಿ ಏರ್‌ಬ್ಯಾಗ್ ದೀಪ ಸತ್ತಿದ್ದರೆ, ಸ್ಟಿಯರಿಂಗ್ ಒಳಗೆ ಏರ್‌ಬ್ಯಾಗ್ ಇದೆಯೋ ಇಲ್ಲವೋ ಅನ್ನುವುದೇ ಅನುಮಾನ.

ರೆಡಿನೆಸ್ ವಿಷಯ: ದೋಷದ ಕೋಡ್ ಅಳಿಸಿದಾಗ ಅಥವಾ ಬ್ಯಾಟರಿ ಬಿಚ್ಚಿದಾಗ ಕಾರಿನ ಸ್ವಂತ ಪರೀಕ್ಷೆಗಳು ಮತ್ತೆ ಮೊದಲಿಂದ ಶುರುವಾಗುತ್ತವೆ. ಪೂರ್ತಿಯಾಗಲು ಒಂದಿಷ್ಟು ದಿನ ಬೇರೆ ಬೇರೆ ವೇಗದಲ್ಲಿ ಓಡಿಸಬೇಕು. ನಾಲ್ಕು ಬಾಕಿ ಅಂದರೆ ಇತ್ತೀಚೆಗೆ ಯಾರೋ ಕೈ ಹಾಕಿದ್ದಾರೆ. ಬ್ಯಾಟರಿ ಹೊಸದು ಹಾಕಿರಲೂಬಹುದು, ಅದರ ಬಿಲ್ ತೋರಿಸಲಿ.

ಅಪಘಾತವಾದ ಕಾರೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆಗಿದೆ ಅಂತ ಒಪ್ಪಿಕೊಂಡು, ಏನು ರಿಪೇರಿ ಮಾಡಿಸಿದೆವು ಅಂತ ಕಾಗದ ತೋರಿಸಿದ್ದರೆ ಮಾತಾಡಬಹುದಿತ್ತು. ಇಲ್ಲ ಅಂದರಲ್ಲ, ಅಲ್ಲಿಗೆ ಮುಗಿಯಿತು. ಮಗಳು ಕೂರುವ ಕಾರು ಇದು.

ಲೆಕ್ಕದವಳು

ಸರಾಸರಿ ವೇಗ ಯಾಕೆ ಕೇಳಿದೆ ಅಂದರೆ, ಮೀಟರ್ ದೂರವನ್ನು ಅಳೆಯುತ್ತದೆ, ಎಂಜಿನ್ ಎಷ್ಟು ಹೊತ್ತು ಓಡಿದೆ ಅಂತ ಹೇಳುವುದಿಲ್ಲ. 38,000 ಕಿ.ಮೀ.ಯನ್ನು ಗಂಟೆಗೆ 17ರಂತೆ ಓಡಿಸಿದ್ದರೆ ಎಂಜಿನ್ 2,200 ಗಂಟೆಗೂ ಮೇಲೆ ಓಡಿದೆ. ಹೆದ್ದಾರಿಯಲ್ಲೇ ಜಾಸ್ತಿ ಓಡಿ, ಸರಾಸರಿ 50 ಬಂದಿರುವ ಕಾರು ಅಷ್ಟು ಗಂಟೆಯಲ್ಲಿ 1,10,000 ಕಿ.ಮೀ. ದಾಟಿರುತ್ತದೆ. ಕ್ಲಚ್, ಸ್ಟಾರ್ಟರ್, ಬ್ಯಾಟರಿ, ಬಾಗಿಲ ಕೀಲು ಎಲ್ಲ ಕಡಿಮೆ ದೂರದ ಓಡಾಟದಲ್ಲೇ ಜಾಸ್ತಿ ಸವೆಯುವುದು.

ಕಡಿಮೆ ಕಿ.ಮೀ. ಅಂತ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ಬಿಲ್‌ಗಳ ಕಡತ ಇದೆಯಾ ಅಂತ ಕೇಳುವವರು ಅಪರೂಪ. ನೀವು ಕಡತ ಇರುವ ಕಾರು ಹುಡುಕಿ, ಮೀಟರ್ ಎಷ್ಟಾದರೂ ಇರಲಿ.

ಹೊಸದೇ ಸರಿ

ಮೀಟರ್ ಎಷ್ಟಾದರೂ ಇರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಷಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್, ಬುಷ್‌ಗಳು ದೂರಕ್ಕೆ ತಕ್ಕಂತೆ ಸವೆಯುತ್ತವೆ. 1 ಲಕ್ಷ ದಾಟಿದ ಕಾರಿನಲ್ಲಿ ಇವೆಲ್ಲ ಒಟ್ಟಿಗೆ ಖರ್ಚಿಗೆ ಬರುತ್ತವೆ.

ಲೆಕ್ಕದವಳು

ಸರಿಯಾದ ಮಾತು. ಎಷ್ಟಾದರೂ ಇರಲಿ ಅಂದದ್ದು ನನ್ನ ತಪ್ಪು. ಆ ಖರ್ಚನ್ನು ಮೊದಲೇ ಬರೆದು, ಕಾರಿನ ಬೆಲೆಗೆ ಕೂಡಿಸಿ ನೋಡಿ ಅಂತ ಹೇಳಬೇಕಿತ್ತು.

ಹುಡುಕಾಟ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಆ ಕಾರು ಬಿಟ್ಟೆ. ಮನಸ್ಸಿಗೆ ಕಷ್ಟವಾಯಿತು, ನಿಜ ಹೇಳುತ್ತೇನೆ. ಮಗಳು ಆಗಲೇ ಅದಕ್ಕೊಂದು ಹೆಸರಿಟ್ಟಿದ್ದಳು.

ಈಗ ಇನ್ನೊಂದು ಸಿಕ್ಕಿದೆ. 7 ವರ್ಷ, 91,000 ಕಿ.ಮೀ., 1.2 ಪೆಟ್ರೋಲ್, ಇದೂ ಮ್ಯಾನುಯಲ್. ಬಂಪರ್‌ನಲ್ಲಿ ಗೀರುಗಳಿವೆ. ಮಾಲೀಕರು ನಿವೃತ್ತ ಶಿಕ್ಷಕರು, ದೂರದ ಶಾಲೆಗೆ ಹೆದ್ದಾರಿಯಲ್ಲಿ ಹೋಗಿಬರುತ್ತಿದ್ದರು. ಒಂದು ನೀಲಿ ಕಡತದಲ್ಲಿ ಎಲ್ಲ ಬಿಲ್ ಇಟ್ಟಿದ್ದಾರೆ, ಪ್ರತಿ ಬಿಲ್ ಮೇಲೆ ಪೆನ್ಸಿಲ್‌ನಲ್ಲಿ ಆ ದಿನದ ಕಿ.ಮೀ. ಬರೆದಿದ್ದಾರೆ. 80,000ದಲ್ಲಿ ಟೈಮಿಂಗ್ ಬೆಲ್ಟ್ (ಈ ಎಂಜಿನ್‌ನಲ್ಲಿ ಚೈನ್ ಬದಲು ಬೆಲ್ಟ್), ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಬದಲಾಗಿವೆ. ಕ್ಲಚ್ ಮೂಲದ್ದೇ. "ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ, ಒಂದು ವರ್ಷದಲ್ಲಿ ಹೊಸದು ಕೇಳಬಹುದು" ಅಂತ ನಾವು ಕೇಳುವ ಮೊದಲೇ ಅವರೇ ಹೇಳಿದರು.

ತಣ್ಣನೆಯ ಎಂಜಿನ್ ನಾನೇ ಸ್ಟಾರ್ಟ್ ಮಾಡಿದೆ. ಏರ್‌ಬ್ಯಾಗ್ ದೀಪ ಹೊತ್ತಿ ಆರಿತು. ಸೀಟ್ ಬೆಲ್ಟ್‌ಗಳೆಲ್ಲ ಕಾರಿನ ವರ್ಷದವು. ಗಾಜುಗಳ ಮೂಲೆಯ ಗುರುತು ಎಲ್ಲ ಒಂದೇ ಥರ, ಯಾವ ಗಾಜೂ ಬದಲಾದ ಹಾಗಿಲ್ಲ. ಇಎಸ್‌ಸಿ ಇದೆ. ಟೈರ್ ಮಾತ್ರ ನಾಲ್ಕೂ 6 ವರ್ಷದವು.

ಗ್ರೀಸ್‌ಕೈ

ಟೈಮಿಂಗ್ ಬೆಲ್ಟ್ ಜೊತೆಗೇ ಪಂಪ್ ಬದಲಿಸಿದ್ದಾರೆ ಅಂದರೆ ತಿಳಿದವರ ಕೈಯಲ್ಲಿತ್ತು ಕಾರು. ಬೆಲ್ಟ್ ಓಡಾಟದಲ್ಲೇ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಬಗ್ಗಿಸುತ್ತದೆ. ಅದಕ್ಕೇ ಬೆಲ್ಟ್‌ನ ಬಿಲ್ ನೋಡಿದರೆ ನನಗೆ ಸಮಾಧಾನ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ಜಾಸ್ತಿ. ಕ್ಲಚ್, ನಾಲ್ಕು ಟೈರ್ ಎರಡರ ಖರ್ಚು ತಿಳಿದುಕೊಂಡು ಬೆಲೆ ಮಾತಾಡಿ. ಅವರ ಮುಂದೆಯೇ ಲೆಕ್ಕ ಇಡಿ, ಅಂಥವರು ಒಪ್ಪುತ್ತಾರೆ.

ಚಾಸಿ ನಂಬರ್ 17 ಅಕ್ಷರ ಅಂಕಿಯದು. ಕಾರಿನ ಮೇಲೆ, ಬಾಗಿಲ ಕಂಬದಲ್ಲಿ, ಕಾಗದದಲ್ಲಿ ಒಂದೇ ಇದೆಯಾ ಬೆರಳಿಟ್ಟು ಓದಿ. ಅದೇ ನಂಬರ್‌ನಿಂದ ಆ ಕಾರಿಗೆ ಕಂಪನಿಯ ರಿಕಾಲ್ (ತಯಾರಿಕೆಯ ದೋಷ ಸರಿಮಾಡಲು ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತಲೂ ವಿಚಾರಿಸಿ. ಆಮೇಲೆ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಎತ್ತಿಸಿ ಕೆಳಗಡೆ ತುಕ್ಕು ನೋಡಿಸಿ.

ಹಿಂದಿನ ಸೀಟು

ಅಪ್ಪ ಕೂತು ನೋಡಿದರಾ?

ಹುಡುಕಾಟ

ಕೂತರು. ಮೊದಲ ಸಲ ಒಂದು ಕಾಲು ಒಳಗಿಟ್ಟು ಹತ್ತಲು ಹೋಗಿ ನೋವಾಯಿತು. ಆ ಮೇಷ್ಟ್ರೇ ಬಂದು "ಬೆನ್ನು ಮಾಡಿ ಮೊದಲು ಕೂತುಬಿಡಿ, ಆಮೇಲೆ ಎರಡೂ ಕಾಲು ಒಟ್ಟಿಗೆ ತಿರುಗಿಸಿ" ಅಂತ ತೋರಿಸಿಕೊಟ್ಟರು. ಅವರಿಗೂ ಮಂಡಿನೋವಂತೆ. ಎರಡನೇ ಸಲ ಅಪ್ಪ ಆರಾಮಾಗಿ ಕೂತರು, ಇಳಿಯುವಾಗ ಮೇಲಿನ ಹಿಡಿ ಹಿಡಿದುಕೊಂಡು ಒಬ್ಬರೇ ಎದ್ದರು. ಹೊಸ ಸಣ್ಣ ಕಾರಿನಲ್ಲಿ ಹಿಂದೆ ಆ ಹಿಡಿಯೇ ಇರಲಿಲ್ಲ.

ಹುಡುಕಾಟ

ಕಾರು ಮನೆಗೆ ಬಂತು. ಟೈರ್ ಮತ್ತು ಕ್ಲಚ್ ಖರ್ಚಿನ ಅರ್ಧ ಬೆಲೆಯಲ್ಲಿ ಇಳಿಸಿದರು. ನಾಲ್ಕೂ ಟೈರ್ ಹೊಸದು ಹಾಕಿಸಿದೆ. ಪೂರ್ತಿ ಟ್ಯಾಂಕ್ ತುಂಬಿಸಿ, 412 ಕಿ.ಮೀ. ಓಡಿಸಿ, ಮತ್ತೆ ಪೂರ್ತಿ ತುಂಬಿಸಿದಾಗ 23.6 ಲೀಟರ್ ಹಿಡಿಯಿತು. ಲೀಟರ್‌ಗೆ 17.5. ನೀಲಿ ಕಡತದಲ್ಲಿ ನನ್ನ ಮೊದಲ ಬಿಲ್ ಸೇರಿಸಿ, ಪೆನ್ಸಿಲ್‌ನಲ್ಲೇ ಕಿ.ಮೀ. ಬರೆದೆ.

ಒಂದೇ ಪ್ರಶ್ನೆ ಉಳಿದಿದೆ. ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ. ಕಡತದಲ್ಲಿ ಅದನ್ನು ಬದಲಿಸಿದ ಕೊನೆಯ ಬಿಲ್ 3 ವರ್ಷದ ಹಿಂದಿನದು. ಮುಂದಿನ ಸರ್ವಿಸ್‌ವರೆಗೆ ಕಾಯಬಹುದಾ?

ಗ್ರೀಸ್‌ಕೈ

ಕಾಯಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಅದು ಕುದಿಯುವ ಬಿಸಿ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬರುವಾಗ ಅದು ಕುದಿದು ಗುಳ್ಳೆಯಾದರೆ ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಯಾವ ದರ್ಜೆ ಅಂತ ಕಾರಿನಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ, ಅದನ್ನೇ ಹಾಕಿಸಿ. ಸೀಲ್ ಒಡೆಯದ ಹೊಸ ಬಾಟಲಿ ನಿಮ್ಮ ಕಣ್ಣೆದುರೇ ತೆರೆಯಲಿ. ದೂರದ ಪ್ರಯಾಣಕ್ಕೆ ಮೊದಲೇ ಮಾಡಿಸಿ.